ದಗ್ಧವ್ರಣ ಪರೀಕ್ಷೆಯಲ್ಲಿ ಬೆಳಕಿನ ಪ್ರಮಾಣ

೧. ಪ್ರಶ್ನೆಯ ಸ್ವರೂಪ

ಬೆಂಕಿಯಿಂದಾಗಲಿ ಕುದಿಯುವ ನೀರಿನಿಂದಾಗಲಿ ಮೈ ಸುಟ್ಟವನು ವೈದ್ಯನ ಬಳಿಗೆ ಬಂದಾಗ, ಪ್ರಾಣಾಪಾಯವನ್ನು ಪರಿಹರಿಸಿದ ತರುವಾಯ ಮೊದಲು ಏಳುವ ಪ್ರಶ್ನೆ ಯಾವುದೆಂದರೆ, ಆ ಗಾಯವು ತಾನಾಗಿ ಮಾಯುವುದೋ ಇಲ್ಲವೋ ಎಂಬುದು. ತಾನಾಗಿ ಮಾಯತಕ್ಕದ್ದಾದರೆ ಅದನ್ನು ಶುದ್ಧವಾಗಿಟ್ಟು ಕಾದರೆ ಸಾಕು. ಮಾಯಲಾರದ್ದಾದರೆ ಸತ್ತ ಚರ್ಮವನ್ನು ಶಸ್ತ್ರದಿಂದ ತೆಗೆದುಹಾಕಿ, ರೋಗಿಯ ತೊಡೆ ಮೊದಲಾದ ಕಡೆಯಿಂದ ತೆಳುವಾಗಿ ಎತ್ತಿದ ಚರ್ಮವನ್ನು ಅಲ್ಲಿ ಕಸಿಮಾಡಬೇಕು. ತೀರ ಮೇಲಣ ಸುಡುವಿಕೆಯಲ್ಲಿಯೂ ತೀರ ಆಳವಾದ ಸುಡುವಿಕೆಯಲ್ಲಿಯೂ ಈ ನಿರ್ಣಯವು ಕಷ್ಟವಲ್ಲ. ಎರಡರ ನಡುವಣ ಗಾಯವೇ ವೈದ್ಯನನ್ನು ಸಂಶಯಕ್ಕೆ ಒಳಪಡಿಸುವುದು.

ಈ ಸಂಶಯವು ಬರಿಯ ಶಾಸ್ತ್ರವಿಚಾರವಲ್ಲ. ನಿರ್ಣಯವು ಯಾವ ಕಡೆಗೆ ತಪ್ಪಿದರೂ ಕೇಡು ರೋಗಿಗೇ. ಮಾಯತಕ್ಕ ಗಾಯಕ್ಕೆ ಕಸಿಮಾಡಿದರೆ, ಬದುಕಿದ್ದ ಚರ್ಮವನ್ನು ಕೊಯ್ದು ತೆಗೆದಂತಾಗುವುದಲ್ಲದೆ, ಕಸಿಗಾಗಿ ಚರ್ಮವನ್ನು ಕೊಟ್ಟ ಜಾಗದಲ್ಲಿ ಇನ್ನೊಂದು ಗಾಯವನ್ನು ವೃಥಾ ಮಾಡಿದಂತಾಗುವುದು. ಮಾಯಲಾರದ ಗಾಯವನ್ನು ಮಾಯುವುದೆಂದು ನಂಬಿ ಕಾದರೆ ದಿನಗಳು ಕಳೆಯುತ್ತವೆ, ನಂಜು ಸೇರುತ್ತದೆ. ಮೂರು ವಾರಗಳನ್ನು ಮೀರಿ ಮಾಯುವ ಗಾಯದಲ್ಲಿ ದಪ್ಪನಾಗಿ ಉಬ್ಬಿ ಬಿಗಿಯುವ ಕಲೆಯು ಉಳಿಯುವ ಸಂಭವವು ಬಹಳ ಹೆಚ್ಚು. ಅಂತಹ ಕಲೆಯು ಕತ್ತಿನಲ್ಲಿ ಉಳಿದರೆ ತಲೆ ತಿರುಗದು. ಕೈಯಲ್ಲಿ ಉಳಿದರೆ ಬೆರಳು ಮಡಿಸಲಾಗದು. ಭಾರತದಲ್ಲಿ ಪ್ರತಿವರ್ಷವೂ ೧೦ ಲಕ್ಷಕ್ಕೂ ಹೆಚ್ಚು ಜನರು ಮಧ್ಯಮ ಅಥವಾ ತೀವ್ರವಾದ ಸುಟ್ಟ ಗಾಯಗಳಿಗೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜುಮಾಡಿರುವುದನ್ನು ನೆನೆದರೆ ಈ ಪ್ರಶ್ನೆಯ ಗೌರವವು ಸ್ಪಷ್ಟವಾಗುವುದು.

ಗಾಯವನ್ನು ಕೊಯ್ಯದೆ, ಚುಚ್ಚದೆ, ಮುಟ್ಟದೆ, ಕೇವಲ ಬೆಳಕನ್ನು ಅದರ ಮೇಲೆ ಬೀರಿ, ಹಿಂದಿರುಗಿದ ಬೆಳಕನ್ನು ಪರೀಕ್ಷಿಸಿ, ಒಳಗಣ ರಕ್ತನಾಳಗಳ ಸ್ಥಿತಿಯನ್ನು ತಿಳಿಯುವ ಉಪಾಯಗಳು ಕಳೆದ ಅರ್ಧಶತಮಾನದಲ್ಲಿ ಬಂದಿವೆ. ಇವುಗಳಿಂದ ಹುಟ್ಟುವ ಜ್ಞಾನವು ಪ್ರತ್ಯಕ್ಷವೋ ಅನುಮಾನವೋ, ಅದರ ಬಲವೆಷ್ಟು, ಅದರ ಮೇರೆ ಎಲ್ಲಿ ಎಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶವಾಗಿದೆ.

೨. ಪ್ರಾಚೀನರ ವಿಭಾಗವೂ ನವೀನರ ವಿಭಾಗವೂ

ಸುಟ್ಟ ಗಾಯಗಳನ್ನು ಅವುಗಳ ಆಳಕ್ಕನುಸಾರವಾಗಿ ವಿಭಾಗಿಸುವ ಪದ್ಧತಿಯು ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಅಗ್ನಿಕರ್ಮವನ್ನು ಹೇಳುವ ಹನ್ನೆರಡನೆಯ ಅಧ್ಯಾಯದಲ್ಲಿ, ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂಬ ನಾಲ್ಕು ಭೇದಗಳು ಹೇಳಲ್ಪಟ್ಟಿವೆ. ಬಣ್ಣಗೆಟ್ಟು ಬಹಳವಾಗಿ ಉರಿಯುವುದು ಪ್ಲುಷ್ಟ. ಬೊಬ್ಬೆಗಳೆದ್ದು ಕೆಂಪಾಗಿ ತೀವ್ರವಾಗಿ ನೋಯುವುದು ದುರ್ದಗ್ಧ. ಬಹಳ ಆಳಕ್ಕಿಳಿಯದೆ ತಾಳೆಯ ಹಣ್ಣಿನ ಬಣ್ಣವನ್ನು ತಾಳುವುದು ಸಮ್ಯಗ್ದಗ್ಧ. ಮಾಂಸವು ಜೋಲುಬಿದ್ದು, ಸಿರೆ ಸ್ನಾಯು ಸಂಧಿ ಅಸ್ಥಿಗಳವರೆಗೂ ನಾಶವು ಮುಟ್ಟಿ, ಜ್ವರ ದಾಹ ಮೂರ್ಛೆಗಳನ್ನುಂಟುಮಾಡಿ, ಬಹುಕಾಲಕ್ಕೆ ಮಾಯುವುದು ಅತಿದಗ್ಧ. ಇಲ್ಲಿ ಬಣ್ಣ, ನೋವು, ಬೊಬ್ಬೆ ಮುಂತಾದ ಹೊರಗಣ ಚಿಹ್ನೆಗಳಿಂದಲೇ ಆಳವನ್ನು ಊಹಿಸಿರುವುದನ್ನು ಗಮನಿಸಬೇಕು. ಪಂಚೇಂದ್ರಿಯಗಳಿಂದಲೂ ಪ್ರಶ್ನದಿಂದಲೂ ರೋಗವನ್ನರಿಯಬೇಕೆಂದು ಅದೇ ಸಂಹಿತೆಯು ವಿಧಿಸಿರುವುದರಿಂದ ಇದು ಯುಕ್ತವೇ ಆಗಿದೆ.

ನವೀನ ವೈದ್ಯರ ವಿಭಾಗಕ್ಕೆ ಚರ್ಮದ ರಚನೆಯೇ ಆಧಾರ. ಚರ್ಮದಲ್ಲಿ ಎರಡು ಪದರಗಳುಂಟು. ಮೇಲಿನದಾದ ಹೊರಚರ್ಮವು ದೇಹದ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ದಪ್ಪವಾಗಿದ್ದು, ಅದರಲ್ಲಿ ರಕ್ತನಾಳಗಳೇ ಇಲ್ಲ. ಅದರ ಕೆಳಗಣ ಒಳಚರ್ಮವು ಒಂದರಿಂದ ಕೆಲವು ಮಿಲಿಮೀಟರುಗಳಷ್ಟು ದಪ್ಪವಾಗಿದ್ದು, ಅದರಲ್ಲಿ ಲೋಮನಾಳಗಳೆಂಬ ಅತಿಸೂಕ್ಷ್ಮ ರಕ್ತನಾಳಗಳ ಜಾಲವೂ, ಕೂದಲಿನ ಬೇರುಗಳೂ, ಬೆವರಿನ ಗ್ರಂಥಿಗಳೂ ಇವೆ. ಹೊರಚರ್ಮವು ಸುಟ್ಟುಹೋದರೂ ಈ ಬೇರುಗಳ ಮತ್ತು ಗ್ರಂಥಿಗಳ ಗೋಡೆಯಲ್ಲಿರುವ ಜೀವಕೋಶಗಳು ಬದುಕಿದ್ದರೆ, ಅವು ಮೇಲೆ ಹಬ್ಬಿ ಹೊಸ ಹೊರಚರ್ಮವನ್ನು ನೆಯ್ಯುತ್ತವೆ. ಅವು ಬದುಕಬೇಕಾದರೆ ಅವುಗಳಿಗೆ ರಕ್ತವು ಹರಿಯಬೇಕು. ಆದುದರಿಂದ ‘ಗಾಯವು ಮಾಯುವುದೇ?’ ಎಂಬ ಪ್ರಶ್ನೆಯು ‘ಒಳಚರ್ಮದ ಲೋಮನಾಳಗಳಲ್ಲಿ ರಕ್ತವು ಹರಿಯುತ್ತಿದೆಯೇ?’ ಎಂಬ ಪ್ರಶ್ನೆಯಾಗಿ ಪರಿಣಮಿಸುತ್ತದೆ. ರಕ್ತವು ಸುತ್ತಿ ಹರಿಯುವುದೆಂಬುದನ್ನು ಹಾರ್ವೆಯು ೧೬೨೮ರಲ್ಲಿ ಪ್ರತಿಪಾದಿಸಿದನು. ಅವನ ಕಣ್ಣಿಗೆ ಕಾಣದಿದ್ದ ಲೋಮನಾಳಗಳನ್ನು ೧೬೬೧ರಲ್ಲಿ ಮಾಲ್ಪೀಘಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು. ಜೀವಂತ ಮನುಷ್ಯನ ಗಾಯದೊಳಗೆ ಅವುಗಳನ್ನು ಕಾಣುವ ಬಗೆ ಮಾತ್ರ ಬಹುಕಾಲ ದೊರೆಯಲಿಲ್ಲ.

೧೯೫೩ರಲ್ಲಿ ಇಂಗ್ಲೆಂಡಿನ ಜ್ಯಾಕ್ಸನ್ ಎಂಬ ಶಸ್ತ್ರವೈದ್ಯನು ಸುಟ್ಟ ಗಾಯದಲ್ಲಿ ಮೂರು ವಲಯಗಳನ್ನು ಗುರುತಿಸಿದನು. ನಡುವೆ ಬೆಂದು ಹೆಪ್ಪುಗಟ್ಟಿ ಸತ್ತ ವಲಯ. ಅದರ ಸುತ್ತ ರಕ್ತದ ಹರಿವು ಮಂದವಾಗಿ ನಿಲ್ಲಲು ಹವಣಿಸುತ್ತಿರುವ ವಲಯ. ಅದರ ಹೊರಗೆ ರಕ್ತವು ಅಧಿಕವಾಗಿ ನುಗ್ಗಿ ಕೆಂಪೇರಿದ ವಲಯ. ಮೊದಲನೆಯದು ಉಳಿಯದು; ಮೂರನೆಯದು ಸಾಮಾನ್ಯವಾಗಿ ಉಳಿಯುವುದು. ನಡುವಣ ವಲಯವು ಒಂದೆರಡು ದಿನಗಳಲ್ಲಿ ಬದುಕಿನ ಕಡೆಗಾಗಲಿ ಸಾವಿನ ಕಡೆಗಾಗಲಿ ಸರಿಯುವುದು. ಈ ಅಂಶವು ಮುಂದೆ ಮುಖ್ಯವಾಗುವುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ಗಾಯವನ್ನು ಬೆರಳಿನಿಂದ ಒತ್ತಿ, ಬಿಳಿದಾದ ಜಾಗಕ್ಕೆ ಕೆಂಪು ಮರಳುವುದೇ ಎಂದು ನೋಡುವುದು ವೈದ್ಯರ ಹಳೆಯ ರೂಢಿ. ಮರಳಿದರೆ ರಕ್ತವು ಹರಿಯುತ್ತಿದೆಯೆಂದು ಅರ್ಥ. ಆದರೂ ನಡುವಣ ಆಳದ ಗಾಯಗಳಲ್ಲಿ ಅನುಭವಶಾಲಿಗಳಾದ ವೈದ್ಯರ ಕಣ್ಣಿನ ನಿರ್ಣಯವು ನೂರರಲ್ಲಿ ೬೦ರಿಂದ ೭೫ ಸಲ ಮಾತ್ರ ಸರಿಯಾಗುವುದೆಂದು ಪರೀಕ್ಷಕರು ಕಂಡುಕೊಂಡಿದ್ದಾರೆ. ಚರ್ಮದ ತುಣುಕನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದಾದರೂ, ಅದು ಗಾಯಗೊಂಡವನಿಗೆ ಮತ್ತೊಂದು ಗಾಯ. ಅಲ್ಲದೆ ಆ ತುಣುಕು ತನ್ನ ಜಾಗವೊಂದನ್ನು ಮಾತ್ರ ಹೇಳಬಲ್ಲುದೇ ಹೊರತು ಇಡೀ ವ್ರಣವನ್ನಲ್ಲ.

೩. ರಕ್ತದ ಬಣ್ಣವೂ ಬೆಳಕಿನ ಪ್ರವೇಶವೂ

ಕತ್ತಲೆಯಲ್ಲಿ ಉಜ್ವಲವಾದ ದೀಪವನ್ನು ಅಂಗೈಯಿಂದ ಮುಚ್ಚಿದರೆ ಬೆರಳುಗಳು ಕೆಂಪಾಗಿ ಬೆಳಗುವುದನ್ನು ಮಕ್ಕಳೂ ಬಲ್ಲರು. ದೀಪದಲ್ಲಿ ಎಲ್ಲ ಬಣ್ಣಗಳೂ ಇದ್ದರೂ ಕೆಂಪು ಮಾತ್ರ ಹೊರಬರುವುದಕ್ಕೆ ಕಾರಣವೇನೆಂದರೆ, ರಕ್ತದಲ್ಲಿನ ಹಿಮೋಗ್ಲೋಬಿನ್ ಎಂಬ ವಸ್ತುವು ನೀಲಿ ಹಸುರು ಬೆಳಕುಗಳನ್ನು ಬಹುವಾಗಿ ನುಂಗಿ, ಕೆಂಪನ್ನು ಅಷ್ಟಾಗಿ ನುಂಗದೆ ಬಿಡುತ್ತದೆ. ಕೆಂಪಿನ ಆಚೆಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕೂ ಹಾಗೆಯೇ ಒಳಹೊಗುತ್ತದೆ. ಅದರಿಂದಲೂ ಇನ್ನೂ ಆಚೆಗೆ ಹೋದರೆ ದೇಹದಲ್ಲಿರುವ ನೀರೇ ಬೆಳಕನ್ನು ನುಂಗಿಬಿಡುತ್ತದೆ. ಹೀಗೆ ಸುಮಾರು ೬೫೦ರಿಂದ ೯೫೦ ನ್ಯಾನೋಮೀಟರುಗಳ ತರಂಗದೂರದ ಬೆಳಕಿಗೆ ದೇಹವು ಒಂದು ಕಿಟಕಿಯನ್ನು ತೆರೆದಿಟ್ಟಂತಿದೆ.

ಆದರೆ ಈ ಕಿಟಕಿಯು ಗಾಜಿನದಲ್ಲ, ಮಂಜಿನದು. ಚರ್ಮವನ್ನು ಹೊಕ್ಕ ಬೆಳಕು ಹೆಜ್ಜೆಹೆಜ್ಜೆಗೂ ಚದರಿ ದಿಕ್ಕುಗೆಡುವುದು. ಆದುದರಿಂದ ಹಿಂದಿರುಗಿದ ಬೆಳಕಿನಲ್ಲಿ ಲೋಮನಾಳದ ಆಕಾರವು ನೇರವಾಗಿ ಕಾಣುವುದಿಲ್ಲ. ಸುಮಾರು ೫ರಿಂದ ೧೦ ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಿರಿದಾದ ಅಗಲವುಳ್ಳ ಆ ನಾಳವನ್ನು ಚದರಿದ ಬೆಳಕಿನಲ್ಲಿ ಕಾಣುವ ಆಸೆಯೇ ಸಲ್ಲದು. ಆಕಾರವು ಅಳಿದುಹೋದರೂ ಚಲನೆಯ ಗುರುತು ಅಳಿಯುವುದಿಲ್ಲ. ಈ ಒಂದು ಅಂಶದ ಮೇಲೆಯೇ ಮುಂದಿನ ಉಪಾಯಗಳು ನಿಂತಿವೆ.

೪. ಚಲನೆಯ ಲಿಂಗ

ಶಿಳ್ಳುಹಾಕುತ್ತ ಬರುವ ರೈಲುಗಾಡಿಯ ಶ್ರುತಿಯು ಸಮೀಪಿಸುವಾಗ ಏರಿ, ದಾಟಿಹೋದ ಮೇಲೆ ಇಳಿಯುವುದು ಸರ್ವರಿಗೂ ಅನುಭವವೇದ್ಯ. ಚಲಿಸುವ ಮೂಲದಿಂದ ಬಂದ ಅಲೆಯ ಆವೃತ್ತಿಯು ಬದಲಾಗುವುದೆಂಬ ಈ ನಿಯಮವನ್ನು ೧೮೪೨ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಸ್ಟಿಯನ್ ಡಾಪ್ಲರ್ ಎಂಬವನು ನಕ್ಷತ್ರಗಳ ಬೆಳಕನ್ನು ಕುರಿತು ಪ್ರತಿಪಾದಿಸಿದನು. ಹರಿಯುತ್ತಿರುವ ರಕ್ತಕಣಕ್ಕೆ ತಗುಲಿ ಚದರಿದ ಬೆಳಕಿಗೂ ಇದೇ ನಿಯಮವು ಅನ್ವಯಿಸುತ್ತದೆ. ಆದರೆ ಲೋಮನಾಳದಲ್ಲಿ ರಕ್ತಕಣದ ವೇಗವು ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತಲೂ ಕಡಮೆ. ಕೆಂಪು ಬೆಳಕಿನ ಆವೃತ್ತಿಯಾದರೋ ಸೆಕೆಂಡಿಗೆ ಸುಮಾರು ೪.೭ ಕೋಟಿ ಕೋಟಿ. ಅಷ್ಟು ಮಂದವಾದ ಚಲನೆಯಿಂದ ಅದರಲ್ಲಿ ಆಗುವ ವ್ಯತ್ಯಾಸವು ಹೆಚ್ಚೆಂದರೆ ಸೆಕೆಂಡಿಗೆ ಸುಮಾರು ೩೦೦೦ ಮಾತ್ರ. ಇಷ್ಟು ಅಲ್ಪವಾದ ಭೇದವನ್ನು ಯಾವ ಪಟ್ಟಕವೂ ಬೇರ್ಪಡಿಸಿ ತೋರಲಾರದು.

ಇದನ್ನು ಅಳೆಯುವ ಬಗೆಯನ್ನು ತಂಬೂರಿಯ ದೃಷ್ಟಾಂತದಿಂದ ತಿಳಿಯಬಹುದು. ಶ್ರುತಿಯು ಕೂಡಲು ಎಳೆಯಷ್ಟು ಕಡಮೆಯಾದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ, ಅವುಗಳ ಭೇದವು ನಾದದ ಏರಿಳಿತವಾಗಿ ಅಲೆಯಲೆಯಾಗಿ ಕೇಳಿಸುತ್ತದೆ. ಭೇದವು ಎಷ್ಟೋ ಅಷ್ಟೇ ಆ ಏರಿಳಿತಗಳ ಸಂಖ್ಯೆ. ಅಂತೆಯೇ ಚರ್ಮದ ಅಚಲವಾದ ಭಾಗದಿಂದ ಚದರಿದ ಬೆಳಕೂ, ಚಲಿಸುವ ರಕ್ತಕಣದಿಂದ ಚದರಿದ ಬೆಳಕೂ ಒಂದೇ ಕಡೆ ಕೂಡಿದಾಗ ಪ್ರಕಾಶದಲ್ಲಿ ಏರಿಳಿತವುಂಟಾಗುತ್ತದೆ. ಕಣಗಳ ವೇಗವು ಹೆಚ್ಚಿದರೆ ಏರಿಳಿತವು ಶೀಘ್ರವಾಗುವುದು. ಚಲಿಸುವ ಕಣಗಳ ಸಂಖ್ಯೆ ಹೆಚ್ಚಿದರೆ ಏರಿಳಿತವು ಪ್ರಬಲವಾಗುವುದು. ಇವೆರಡನ್ನೂ ಗುಣಿಸಿದರೆ ರಕ್ತದ ಹರಿವಿನ ಅಳತೆಯು ದೊರೆಯುವುದು. ಇದಕ್ಕೆ ಒಂದೇ ಶ್ರುತಿಯ ಬೆಳಕು ಬೇಕು. ೧೯೬೦ರಲ್ಲಿ ಮೈಮನ್ ಎಂಬವನು ಮೊದಲ ಲೇಸರನ್ನು ಬೆಳಗಿಸಿದ ಮೇಲೆಯೇ ಅದು ಸುಲಭವಾಯಿತು. ೧೯೭೫ರಲ್ಲಿ ಸ್ಟರ್ನ್ ಎಂಬ ವಿಜ್ಞಾನಿಯು ಮನುಷ್ಯನ ಚರ್ಮದಲ್ಲಿನ ರಕ್ತದ ಹರಿವನ್ನು ಈ ವಿಧಾನದಿಂದ ಹೊರಗಿನಿಂದಲೇ ತೋರಿಸಿಕೊಟ್ಟನು. ಮೊದಲು ಒಂದೇ ಬಿಂದುವಿನಲ್ಲಿ ನಡೆಯುತ್ತಿದ್ದ ಈ ಅಳತೆಯು, ಬೆಳಕಿನ ಕಿರಣವನ್ನು ಗಾಯದ ಉದ್ದಗಲಕ್ಕೂ ಓಡಿಸುವ ಯಂತ್ರವು ಬಂದ ತರುವಾಯ ಒಂದು ನಕ್ಷೆಯಾಯಿತು. ಹರಿವು ಹೆಚ್ಚಾದ ಕಡೆ ಕೆಂಪು, ಕಡಮೆಯಾದ ಕಡೆ ನೀಲಿ ಎಂಬಂತೆ ಬಣ್ಣಗಳನ್ನು ತುಂಬಿ ಆ ನಕ್ಷೆಯನ್ನು ಬರೆಯುತ್ತಾರೆ.

೫. ಚುಕ್ಕೆಗಳ ಚಿತ್ರ

ಲೇಸರ್ ಬೆಳಕು ಗೋಡೆಯ ಮೇಲೆ ಬಿದ್ದಾಗ ಸಮವಾಗಿ ಹರಡದೆ, ಮರಳನ್ನು ಎರಚಿದಂತೆ ಕಪ್ಪು ಬಿಳುಪಿನ ಚುಕ್ಕೆಗಳಾಗಿ ಕಾಣುತ್ತದೆ. ಅಸಂಖ್ಯ ಕಡೆಗಳಿಂದ ಚದರಿದ ಅಲೆಗಳು ಒಂದೆಡೆ ಪರಸ್ಪರ ಬಲಗೊಳಿಸಿ, ಇನ್ನೊಂದೆಡೆ ಪರಸ್ಪರ ಅಳಿಸುವುದೇ ಇದಕ್ಕೆ ಕಾರಣ. ಈ ತತ್ತ್ವವು ಲೇಸರಿಗಿಂತಲೂ ಹಳೆಯದು. ಕಣಗಳಿಂದ ಬಾಗಿದ ಬೆಳಕು ಉಂಟುಮಾಡುವ ಪರಿವೇಷದಲ್ಲಿ ಪ್ರಕಾಶವು ಹೇಗೆ ಏರಿಳಿಯುವುದೆಂಬುದನ್ನು ಬೆಂಗಳೂರಿನಲ್ಲಿ ಜಿ. ಎನ್. ರಾಮಚಂದ್ರನ್ ಅವರು ಅಭ್ಯಾಸಮಾಡಿ ೧೯೪೩ರಲ್ಲಿ ಪ್ರಕಟಿಸಿದ್ದರು. ಅವರ ಗುರುಗಳಾದ ಸರ್ ಸಿ. ವಿ. ರಾಮನ್ ಅವರೂ ಅದಕ್ಕೆ ಮೊದಲೇ ಈ ವಿಷಯದಲ್ಲಿ ಆಸಕ್ತರಾಗಿದ್ದರು.

ಬೆಳಕು ಬಿದ್ದ ವಸ್ತುವು ಅಚಲವಾಗಿದ್ದರೆ ಚುಕ್ಕೆಗಳೂ ಅಚಲ. ಅದರೊಳಗೆ ರಕ್ತಕಣಗಳು ಚಲಿಸುತ್ತಿದ್ದರೆ ಚುಕ್ಕೆಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ನಿಂತ ಗಾಡಿಯ ಚಕ್ರದ ಅರಗಳು ಬಿಡಿಬಿಡಿಯಾಗಿ ಕಂಡು, ಓಡುವ ಗಾಡಿಯಲ್ಲಿ ಅವು ಒಂದಕ್ಕೊಂದು ಬೆರೆತು ಮಸುಕಾಗುವಂತೆ, ಕೆಲವು ಮಿಲಿಸೆಕೆಂಡುಗಳ ಕಾಲ ಕಣ್ದೆರೆದ ಛಾಯಾಯಂತ್ರದಲ್ಲಿ ರಕ್ತವು ಹರಿಯುವ ಕಡೆಯ ಚುಕ್ಕೆಗಳು ಮಸುಕಾಗಿ, ಹರಿಯದ ಕಡೆಯವು ಸ್ಪಷ್ಟವಾಗಿ ಬೀಳುತ್ತವೆ. ಆ ಮಸುಕನ್ನೇ ಲೆಕ್ಕಹಾಕಿ ಹರಿವಿನ ನಕ್ಷೆಯನ್ನು ಪಡೆಯುವ ಈ ಉಪಾಯವನ್ನು ಫರ್ಚರ್ ಮತ್ತು ಬ್ರೈಯರ್ಸ್ ಎಂಬವರು ೧೯೮೧ರಲ್ಲಿ ಪ್ರಕಟಿಸಿದರು. ಕಿರಣವನ್ನು ಓಡಿಸಬೇಕಾದ ಅಗತ್ಯವಿಲ್ಲದುದರಿಂದ ಇದರಲ್ಲಿ ಇಡೀ ಗಾಯದ ಚಿತ್ರವು ಒಮ್ಮೆಗೇ ದೊರೆಯುವುದು. ಉಪಕರಣವೂ ಸರಳ. ಆದರೆ ಇದರ ದೃಷ್ಟಿಯು ಡಾಪ್ಲರ್ ವಿಧಾನದಷ್ಟು ಆಳಕ್ಕೆ ಹೋಗದು.

೬. ಆಳದ ಛೇದವೂ ಆಮ್ಲಜನಕವೂ

ಮೇಲಿನ ಎರಡು ಉಪಾಯಗಳೂ ಹರಿವುಂಟೆಂದು ಹೇಳುವುವಲ್ಲದೆ, ಅದು ಎಷ್ಟು ಆಳದಲ್ಲಿದೆಯೆಂದು ಬಿಡಿಸಿ ಹೇಳಲಾರವು. ಈ ಕೊರತೆಯನ್ನು ೧೯೯೧ರಲ್ಲಿ ಅಮೆರಿಕೆಯ ಹುವಾಂಗ್, ಫ್ಯೂಜಿಮೋಟೋ ಮೊದಲಾದವರು ಪ್ರಕಟಿಸಿದ ವಿಧಾನವು ತುಂಬುತ್ತದೆ. ಬಾವಿಗೆ ಕಲ್ಲೆಸೆದು ಸದ್ದು ಬರುವ ಹೊತ್ತಿನಿಂದ ಆಳವನ್ನು ಊಹಿಸುವಂತೆ, ಹಿಂದಿರುಗಿದ ಬೆಳಕು ಸಾಗಿದ ದಾರಿಯ ಉದ್ದವನ್ನು ಇನ್ನೊಂದು ಬೆಳಕಿನೊಡನೆ ಹೋಲಿಸಿ ಆಳವನ್ನು ತಿಳಿಯುವುದು ಇದರ ಸಾರ. ಮೊದಲು ಕಣ್ಣಿನ ಪರೀಕ್ಷೆಯಲ್ಲಿ ಬೆಳೆದ ಈ ವಿಧಾನದಿಂದ ಚರ್ಮದಲ್ಲಿ ಒಂದೆರಡು ಮಿಲಿಮೀಟರ್ ಆಳದವರೆಗೆ, ಶಸ್ತ್ರದಿಂದ ಸೀಳಿ ನೋಡಿದಂತೆ, ಪದರಗಳ ಛೇದಚಿತ್ರವು ದೊರೆಯುವುದು. ಒಂದೇ ಜಾಗದ ಚಿತ್ರವನ್ನು ಮೇಲಿಂದಮೇಲೆ ತೆಗೆದು ಹೋಲಿಸಿದರೆ, ಬದಲಾಗದುದು ಅಂಗಾಂಶವೆಂದೂ ಬದಲಾದುದು ರಕ್ತವೆಂದೂ ಬೇರ್ಪಡುವುದರಿಂದ ನಾಳಗಳ ಜಾಲವೇ ಮೂಡಿಬರುತ್ತದೆ. ಒಂದು ಸಲಕ್ಕೆ ನೋಡಬಹುದಾದ ಜಾಗವು ಚಿಕ್ಕದೆಂಬುದೂ, ರೋಗಿಯು ಅಲುಗಬಾರದೆಂಬುದೂ ಇದರ ಕಟ್ಟುಪಾಡುಗಳು.

ಬಣ್ಣದ ಭೇದದಿಂದ ತಿಳಿಯತಕ್ಕದ್ದು ಮತ್ತೊಂದುಂಟು. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನೂ ಹೊರದ ಹಿಮೋಗ್ಲೋಬಿನ್ನೂ ಕೆಂಪು ಮತ್ತು ಅವಗೆಂಪು ಬೆಳಕುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ನುಂಗುತ್ತವೆ. ಈ ಭೇದದಿಂದ ಮಿಡಿಯುವ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಬಗೆಯನ್ನು ಜಪಾನಿನ ಟಾಕುವೋ ಅವೋಯಾಗಿ ಎಂಬವರು ೧೯೭೪ರಲ್ಲಿ ಮುಂದಿಟ್ಟರು. ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರವಾಗಿ ಅದು ಇಂದು ಮನೆಮನೆಗೂ ಪರಿಚಿತವಾಗಿದೆ. ಇದೇ ತತ್ತ್ವದಿಂದ ಗಾಯದ ಅಂಗಾಂಶಕ್ಕೆ ಆಮ್ಲಜನಕವು ಸಾಲುತ್ತಿದೆಯೇ ಎಂಬುದನ್ನೂ ಚಿತ್ರಿಸಬಹುದು.

೭. ಹೇತುವಿನ ಪರೀಕ್ಷೆ

ಈಗ ಮೊದಲಿನ ಪ್ರಶ್ನೆಗೆ ಬರಬೇಕು. ಯಂತ್ರದ ಫಲಕದಲ್ಲಿ ಕೆಂಪು ನೀಲಿಗಳಾಗಿ ಕಾಣುವ ನಕ್ಷೆಯನ್ನು ನೋಡಿದವನು ‘ರಕ್ತವನ್ನೇ ಕಂಡೆನು’ ಎಂದು ಭಾವಿಸುವುದು ಸಹಜ. ವಾಸ್ತವವಾಗಿ ಅದು ಪ್ರತ್ಯಕ್ಷವಲ್ಲ, ಅನುಮಾನಗಳ ಸರಪಳಿ. ಬೆಳಕಿನ ಏರಿಳಿತದಿಂದ ಕಣಗಳ ಚಲನೆ. ಚಲನೆಯಿಂದ ರಕ್ತದ ಹರಿವು. ಹರಿವಿನಿಂದ ಒಳಚರ್ಮದ ಜೀವಂತಿಕೆ. ಜೀವಂತಿಕೆಯಿಂದ ಗಾಯವು ಮಾಯುವುದೆಂಬ ನಿಶ್ಚಯ. ಪ್ರತಿಯೊಂದು ಕೊಂಡಿಗೂ ತನ್ನದೇ ಆದ ವ್ಯಾಪ್ತಿಯು ಬೇಕು. ಒಂದು ಕೊಂಡಿಯು ಸಡಿಲವಾದರೆ ಇಡೀ ಸರಪಳಿಯು ಸಡಿಲ.

ಮೊದಲನೆಯದಾಗಿ, ಹೊಗೆಯೆಂದು ಭ್ರಮಿಸಿದ್ದು ಮಂಜಾಗಿದ್ದರೆ ಬೆಂಕಿಯ ಅನುಮಾನವು ನಿಲ್ಲದು. ಅಳುವ ಮಗುವಿನ ಮೈಯ ಅಲುಗಾಟವೂ, ಉಸಿರಾಟದಿಂದಾಗುವ ಎದೆಯ ಏರಿಳಿತವೂ ಬೆಳಕಿನಲ್ಲಿ ರಕ್ತದ ಚಲನೆಯಂತೆಯೇ ತೋರುತ್ತವೆ. ಇಲ್ಲಿ ಹೇತುವೇ ಅಸಿದ್ಧ.

ಎರಡನೆಯದಾಗಿ, ಹೇತುವು ವ್ಯಭಿಚರಿಸುವುದೂ ಉಂಟು. ನಂಜು ಸೇರಿದ ಗಾಯದಲ್ಲಿ ಉರಿಯೂತದಿಂದ ರಕ್ತವು ಅಧಿಕವಾಗಿ ಹರಿಯುವುದು. ದಿನ ಕಳೆದ ಆಳವಾದ ಗಾಯದಲ್ಲಿ ಹೊಸದಾಗಿ ಚಿಗುರುವ ನಾಳಗಳಿಂದಲೂ ಹರಿವು ಹೆಚ್ಚುವುದು. ಆ ಹರಿವು ಒಳಚರ್ಮವು ಉಳಿದಿರುವುದಕ್ಕೆ ಗುರುತಲ್ಲ.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ಸಿದ್ಧ. ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆಂಬುದು ಸಿದ್ಧವಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿಯುಂಟು. ಅಂತೆಯೇ ಹರಿವು ಕಾಣದ ಮಾತ್ರಕ್ಕೆ ಚರ್ಮವು ಸತ್ತಿತೆಂದು ಹೇಳಲಾಗದು. ಚಳಿಯಿಂದಲೋ ರಕ್ತದೊತ್ತಡದ ಕುಸಿತದಿಂದಲೋ ನಾಳಗಳು ಕುಗ್ಗಿರಬಹುದು. ಗಾಯಕ್ಕೆ ಬಳಿದ ಮುಲಾಮಾಗಲಿ ಒಣಗಿದ ಹಕ್ಕಳೆಯಾಗಲಿ ಬೆಳಕನ್ನು ತಡೆದಿರಬಹುದು. ಮತ್ತು ಹರಿವು ಇಂದು ಕಂಡ ಮಾತ್ರಕ್ಕೆ ನಾಳೆಯೂ ಇರುವುದೆಂದು ಹೇಳಲಾಗದು. ಮೇಲೆ ಹೇಳಿದ ಜ್ಯಾಕ್ಸನ್ನನ ನಡುವಣ ವಲಯದಲ್ಲಿ ಮೊದಲ ದಿನ ಮಂದವಾಗಿದ್ದ ಹರಿವು ಎರಡನೆಯ ದಿನ ನಿಲ್ಲಬಹುದು, ಇಲ್ಲವೆ ಚೇತರಿಸಿಕೊಳ್ಳಬಹುದು. ಆದಕಾರಣ ಸುಟ್ಟ ೪೮ ಗಂಟೆಗಳ ತರುವಾಯ, ೫ ದಿನಗಳ ಒಳಗೆ ಡಾಪ್ಲರ್ ಪರೀಕ್ಷೆಯನ್ನು ನಡೆಸಬೇಕೆಂಬ ನಿಯಮವು ಏರ್ಪಟ್ಟಿದೆ. ಅದಕ್ಕೆ ಮೊದಲು ಗಾಯವೇ ತನ್ನ ಗತಿಯನ್ನು ನಿಶ್ಚಯಿಸಿಕೊಂಡಿರುವುದಿಲ್ಲ. ಅದರ ಮೇಲೆ ಚಿಗುರುವ ನಾಳಗಳೂ ನಂಜೂ ಸಾಕ್ಷ್ಯವನ್ನು ಕದಡುತ್ತವೆ. ಈ ಕಾಲನಿಯಮವನ್ನೂ ಗಾಯದ ಶುದ್ಧಿಯನ್ನೂ ಪಾಲಿಸಿದಲ್ಲಿ, ನಿರ್ಣಯವು ನೂರರಲ್ಲಿ ೯೦ಕ್ಕೂ ಹೆಚ್ಚು ಸಲ ಸರಿಯಾಗಿರುವುದು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆ. ೨೦೧೧ರಲ್ಲಿ ಇಂಗ್ಲೆಂಡಿನ ‘ನೈಸ್’ ಎಂಬ ಚಿಕಿತ್ಸಾಮಾರ್ಗದರ್ಶಕ ಸಂಸ್ಥೆಯು, ಆಳದ ವಿಷಯದಲ್ಲಿ ಸಂಶಯವುಳ್ಳ ನಡುವಣ ಗಾಯಗಳಿಗೆ ಈ ಪರೀಕ್ಷೆಯನ್ನು ವಿಹಿತವೆಂದು ಅಂಗೀಕರಿಸಿತು. ಸಂಶಯವಿಲ್ಲದಲ್ಲಿ ವಿಧಿಸಲಿಲ್ಲವೆಂಬುದೂ ಗಮನಾರ್ಹ. ಸಂದಿಗ್ಧವಾದ ಅರ್ಥದಲ್ಲಿಯೇ ನ್ಯಾಯವು ಪ್ರವರ್ತಿಸುವುದೆಂಬ ಹಳೆಯ ಮಾತಿಗೆ ಇದು ಅನುಗುಣವಾಗಿದೆ.

ನಾಲ್ಕನೆಯದು ಮೈಬಣ್ಣದ ವಿಚಾರ. ಹೊರಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವಸ್ತುವು ಬೆಳಕನ್ನು ನುಂಗುತ್ತದೆ. ಕಪ್ಪು ಮೈಯಲ್ಲಿ ಕೆಂಪೇರುವಿಕೆಯು ಬರಿಗಣ್ಣಿಗೂ ಚೆನ್ನಾಗಿ ಕಾಣದು. ಬೆರಳಿಗೆ ಸಿಕ್ಕಿಸುವ ಆಮ್ಲಜನಕಮಾಪಕವು ರಕ್ತದಲ್ಲಿ ಆಮ್ಲಜನಕವು ಕುಂದಿದ್ದರೂ ಅದನ್ನು ತೋರದೆ ಹೋಗುವ ಸಂದರ್ಭವು, ಬಿಳಿಯ ರೋಗಿಗಳಿಗಿಂತ ಕರಿಯ ರೋಗಿಗಳಲ್ಲಿ ಸುಮಾರು ಮೂರು ಪಾಲು ಹೆಚ್ಚೆಂದು ಅಮೆರಿಕೆಯಲ್ಲಿ ೨೦೨೦ರಲ್ಲಿ ಪ್ರಕಟವಾದ ಪರಿಶೀಲನೆಯು ತೋರಿಸಿತು. ಬಣ್ಣವನ್ನೇ ಹೇತುವಾಗಿ ಉಳ್ಳ ಅನುಮಾನಕ್ಕೆ ಮೈಬಣ್ಣವು ಹೀಗೆ ಅಡ್ಡಬರುತ್ತದೆ. ಚಲನೆಯನ್ನು ಹೇತುವಾಗಿ ಉಳ್ಳ ಅನುಮಾನದಲ್ಲಿ ಮೆಲನಿನ್ ಬೆಳಕನ್ನು ಕುಗ್ಗಿಸಿದರೂ ಏರಿಳಿತದ ಶೀಘ್ರತೆಯನ್ನು ಬದಲಿಸಲಾರದಾದುದರಿಂದ ಬಾಧೆಯು ಕಡಮೆ. ಆದರೂ ವ್ಯಾಪ್ತಿಯನ್ನು ಗ್ರಹಿಸಿದ್ದು ಒಂದು ಬಣ್ಣದ ಜನರಲ್ಲಿ, ಅನ್ವಯಿಸುವುದು ಇನ್ನೊಂದು ಬಣ್ಣದ ಜನರಲ್ಲಿ ಎಂದಾದರೆ ಅನುಮಾನವು ನಿರ್ದುಷ್ಟವೆನಿಸದು. ನಾನಾ ಮೈಬಣ್ಣಗಳ ಜನರಿರುವ ಭಾರತದಂತಹ ದೇಶದಲ್ಲಿ ಈ ಯಂತ್ರಗಳ ಮಾನವನ್ನು ಇಲ್ಲಿನ ಜನರ ಮೈಯ ಮೇಲೆಯೇ ಪರೀಕ್ಷಿಸಿ ನಿಗದಿಮಾಡುವುದು ಆವಶ್ಯಕ.

೮. ಉಪಸಂಹಾರ

ಮೇಲಿನ ವಿಚಾರದಿಂದ ಫಲಿಸುವುದೇನೆಂದರೆ: ಬೆಳಕಿನ ಉಪಾಯಗಳು ವೈದ್ಯನ ಕಣ್ಣಿಗೆ ಬದಲಾಗಿ ಬಂದವಲ್ಲ. ಬೆರಳಿನಿಂದ ಒತ್ತಿ ಕೆಂಪು ಮರಳುವುದನ್ನು ಕಾಯುತ್ತಿದ್ದ ವೈದ್ಯನು ಯಾವ ಲಿಂಗವನ್ನು ಹುಡುಕುತ್ತಿದ್ದನೋ, ಅದೇ ಲಿಂಗವನ್ನು ಇವು ಹೆಚ್ಚು ಸೂಕ್ಷ್ಮವಾಗಿಯೂ, ವ್ರಣದ ಉದ್ದಗಲಕ್ಕೂ, ರೋಗಿಗೆ ನೋವಾಗದಂತೆಯೂ ಹಿಡಿದುಕೊಡುತ್ತವೆ. ಲಿಂಗವು ದೊರೆತ ಮೇಲೆ ಅದನ್ನು ಪರಾಮರ್ಶಿಸುವ ಕೆಲಸವು ವೈದ್ಯನದಾಗಿಯೇ ಉಳಿಯುವುದು. ಎಷ್ಟನೆಯ ದಿನದ ಚಿತ್ರವಿದು, ಗಾಯವು ಶುದ್ಧವಾಗಿತ್ತೇ, ರೋಗಿಯು ಅಲುಗದೆ ಇದ್ದನೇ, ನಂಜಿನ ಚಿಹ್ನೆಯುಂಟೇ ಎಂದು ಕೇಳದೆ ನಕ್ಷೆಯ ಬಣ್ಣವನ್ನು ಮಾತ್ರ ನೋಡಿ ಶಸ್ತ್ರವನ್ನೆತ್ತುವುದು ಸಲ್ಲದು. ಆ ಪ್ರಶ್ನೆಗಳಿಗೆ ಸಮಾಧಾನವು ದೊರೆತ ಮೇಲೆ ನಕ್ಷೆಯ ಸಾಕ್ಷ್ಯವನ್ನು ಕಡೆಗಣಿಸಿ ಕೇವಲ ಕಣ್ಣಂದಾಜನ್ನು ನೆಚ್ಚುವುದೂ ಅಷ್ಟೇ ಅಯುಕ್ತ. ಈ ಎರಡು ದೋಷಗಳನ್ನೂ ಬಿಟ್ಟು ನಡೆದಲ್ಲಿ, ಬದುಕಿರುವ ಚರ್ಮವನ್ನು ಕೊಯ್ಯುವುದೂ ಸತ್ತ ಚರ್ಮವನ್ನು ಕಾಯುವುದೂ ಬಹುಮಟ್ಟಿಗೆ ತಪ್ಪಿ, ಸುಟ್ಟವನ ಕೈ ಮಡಿಸುವಂತೆಯೂ ಕತ್ತು ತಿರುಗುವಂತೆಯೂ ಉಳಿಯುವ ಸಂಭವವು ಹೆಚ್ಚುವುದು.